ಶುಭಂ ಆದ ಮೇಲೆ ಉಳಿದ ರೀಲು

ನನ್ನ ತಂಗಿಯ ಮೊಮ್ಮಗಳು ರಕ್ಷಿತಾ ತುಮಕೂರಿನ ಮಾಲ್ ಸಿನಿಮಾದಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ್ದಾಳೆ. ಕರಿ ಪ್ಯಾಂಟು, ಕೆಂಪು ಶರ್ಟು, ಟಿಕೆಟ್ಟಿನ ಮೇಲೆ ಬೆಳಕು ಬಿಡುವ ಒಂದು ಯಂತ್ರ. ಮೊನ್ನೆ ಬಂದವಳು ಕೇಳಿದಳು: "ಅಜ್ಜಿ, ನೀನೂ ಇದೇ ಕೆಲಸ ಮಾಡ್ತಿದ್ಯಂತೆ. ಫ್ರೀಯಾಗಿ ಪಿಕ್ಚರ್ ನೋಡ್ಕೊಂಡು ಮಜವಾಗಿತ್ತಲ್ವಾ?"

ಮಜವಂತೆ. ಬಾಯಲ್ಲಿ ಹೇಳಲು ಹೋದರೆ ಫೋನು ನೋಡುತ್ತ ಹೂಂ ಅನ್ನುತ್ತಾಳೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಗಟ್ಟಿಯಾದದ್ದು ಸಿನಿಮಾ ಪೋಸ್ಟರು ನೋಡಿ. ಒತ್ತು, ದೀರ್ಘ ತಪ್ಪಿದ್ದರೆ ರಕ್ಷಿತಾನೇ ತಿದ್ದಿಕೊಳ್ಳಲಿ. ವಿಷಯ ತಿದ್ದುವುದು ಬೇಡ.

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ನಾನು ಕುಣಿಗಲ್ಲಿನ ಟೆಂಟ್ ಸಿನಿಮಾಕ್ಕೆ ಕೆಲಸಕ್ಕೆ ಸೇರಿದೆ. ಎಪ್ಪತ್ತರ ದಶಕದ ಮೊದಲ ಭಾಗ. ನೆಲಕ್ಕೆ ಮರಳು, ಮೇಲೆ ತೇಪೆ ಹಾಕಿದ ಗುಡಾರ, ನಡುವೆ ಎದೆಮಟ್ಟದ ತಟ್ಟಿ. ತಟ್ಟಿಯ ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಹೆಂಗಸರಿಗೆ ಬೇರೆ ಗೇಟು. ಆ ಗೇಟಿಗೆ ಹೆಂಗಸೇ ಬೇಕು, ಏಕೆಂದರೆ ಕತ್ತಲಾದ ಮೇಲೆ ಆ ಕಡೆಗೆ ಗಂಡಸು ಕಾಲಿಡುವಂತಿಲ್ಲ. ಹಾಗೆ ನಾನು ಗೇಟ್ ಹನುಮಕ್ಕ ಆದೆ. ರಿಟೈರ್ ಆಗುವವರೆಗೂ ಅದೇ ಹೆಸರು.

ಟಿಕೆಟ್ ಹರಿಯುವುದು ಕೆಲಸದಲ್ಲಿ ಅತಿ ಸಣ್ಣದು. ಜಾಗಕ್ಕೆ ಜಗಳವಾಡುವವರನ್ನು ಬಿಡಿಸಬೇಕು. ಕೂಗುವ ಕೂಸನ್ನು ಹೊರಗೆ ತಂದು ಎತ್ತಿ ಆಡಿಸಬೇಕು. ಆಟ ಮುಗಿದ ತಕ್ಷಣ ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಬೇಕು, ಮುಂದಿನ ಆಟದವರು ಕಾಯುತ್ತಿರುತ್ತಾರೆ. ಇದರಲ್ಲಿ ಸಿನಿಮಾ ನೋಡುವುದು ಎಲ್ಲಿಂದ ಬಂತು? ಬಾಗಿಲು ತೆಗೆಯಲೆಂದು ಕೊನೆಯ ಕಾಲು ಗಂಟೆ ಒಳಗೆ ನಿಲ್ಲುತ್ತಿದ್ದೆ. ಹಾಗಾಗಿ ನೂರಾರು ಸಿನಿಮಾಗಳ ಕೊನೆ ನನಗೆ ಗೊತ್ತು. ಒಂದನ್ನು ಬಿಟ್ಟರೆ ಯಾವುದರ ಮೊದಲೂ ಗೊತ್ತಿಲ್ಲ. ಯಾರು ಯಾಕೆ ಮದುವೆಯಾದರು, ಯಾರಿಗೆ ಯಾಕೆ ಗುಂಡು ಬಿತ್ತು, ನನ್ನನ್ನು ಕೇಳಬೇಡಿ.

ಇನ್ನೊಂದು ಕೆಲಸ ಯಾರೂ ಹೇಳಿಕೊಡಲಿಲ್ಲ, ಆದರೆ ದಿನವೂ ಮಾಡಬೇಕಿತ್ತು. ಸುಳ್ಳು ಹೇಳುವುದು. ಮನೆಯಲ್ಲಿ ಹೇಳದೆ ಸಿನಿಮಾಕ್ಕೆ ಬಂದ ಹೆಂಗಸರನ್ನು ಹುಡುಕಿಕೊಂಡು ಗಂಡಂದಿರು ಬರುತ್ತಿದ್ದರು.

"ಏನಮ್ಮೋ, ನಮ್ಮವಳು ಒಳಗವ್ಳಾ?"

"ನಿಮ್ಮವಳು ಯಾರು ಅಂತ ನಂಗೇನಪ್ಪ ಗೊತ್ತು? ಮೊಖದ ಮೇಲೆ ಬರ್ಕೊಂಡವ್ಳಾ?"

"ಹಸ್ರು ಸೀರೆ ಉಟ್ಟವ್ಳೆ."

"ಒಳಗೆ ಅರವತ್ತು ಹಸ್ರು ಸೀರೆ ಅವೆ. ಯಾವ್ದು ಬೇಕು ಹೇಳು, ತಂದ್ಕೊಡ್ತೀನಿ."

ಹಿಂದೆ ನಿಂತವರು ನಗುತ್ತಿದ್ದರು, ಅವನು ಹೋಗುತ್ತಿದ್ದ. ಇಂಥ ಸುಳ್ಳಿಗೆ ನನಗೆ ಈಗಲೂ ನಾಚಿಕೆ ಇಲ್ಲ. ನಾಚಿಕೆ ಇರುವ ಸುಳ್ಳು ಬೇರೆ ಇವೆ. ಮೊದಲನೆಯದು ಕುಣಿಗಲ್ಲಿನದೇ.

ಒಂದು ಸಂಜೆ ಮಾರ್ಕೋನಹಳ್ಳಿಯಿಂದ ಒಬ್ಬ ಏದುಸಿರು ಬಿಡುತ್ತ ಬಂದ. ಒಳಗೆ ಸಾಕಮ್ಮ ಅಂತ ಇದ್ದಾಳೆ, ಅವಳ ಅಕ್ಕ ತೀರಿಕೊಂಡಿದ್ದಾರೆ, ಕೊನೆ ಬಸ್ಸು ಹೊರಡುವುದರೊಳಗೆ ಕಳಿಸಮ್ಮ ಎಂದ. ನಾನು ಬ್ಯಾಟರಿ ಹಿಡಿದು ಒಳಗೆ ಹೋದೆ. ಸಾಕಮ್ಮ ಕಡಲೆಕಾಯಿ ಸುಲಿಯುತ್ತ ನಗುತ್ತಿದ್ದಳು. ಆ ನಗು ನೋಡಿ ನನಗೆ ಬಾಯಿ ಬರಲಿಲ್ಲ. "ನಿಮ್ಮಕ್ಕನಿಗೆ ಒಸಿ ಹುಷಾರಿಲ್ವಂತೆ" ಎಂದೆ.

"ಅವ್ಳಿಗೆ ಯಾವತ್ತು ಹುಷಾರಿತ್ತು ಬುಡು. ಪಿಕ್ಚರ್ ಮುಗಿಸ್ಕೊಂಡು ಬತ್ತೀನಿ ಅನ್ನು" ಎಂದಳು.

ಹೊರಗೆ ಬಂದು ಹಾಗೇ ಹೇಳಿದೆ. ಬಂದವನು ದಂಗಾದ. "ಸತ್ತವ್ರೆ ಅಂತ ಹೇಳಿದ್ಯಾ?" ಎಂದು ಕೇಳಿದ. ಹೂಂ ಎಂದೆ. ಅದೂ ಸುಳ್ಳು. ಬಸ್ಸು ಹಾರನ್ ಹೊಡೆಯಿತು, ಅವನು ಅವಳನ್ನು ಬೈದುಕೊಂಡು ಹತ್ತಿ ಹೋದ. ಸಾಕಮ್ಮ ಮಾರನೇ ದಿನ ಊರು ತಲುಪುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ವಾರದ ಮೇಲೆ ಗೇಟಿಗೆ ಬಂದು ಎಲ್ಲರೆದುರಿಗೆ ನಿಂತು ಕೇಳಿದಳು: "ಸತ್ತೋರ್ನ ಸತ್ತೋರು ಅನ್ನೋಕೆ ನಿಂಗೇನೇ ದೊಡ್ಡರೋಗ? ನನ್ನ ಅಕ್ಕನ ಮೊಖ ನೋಡ್ಲಿಲ್ವಲ್ಲೇ ನಾನು!" ಅಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಕೆಲವು ವರ್ಷದಲ್ಲಿ ಟೆಂಟು ಎತ್ತಿದರು. ನಾನು ಗುಬ್ಬಿಗೆ ಹೋದೆ. ಅಲ್ಲಿಯದು ಗೋಡೆ ಇರುವ ಟಾಕೀಸು, ಶೀಟಿನ ಮಾಡು, ಬೆಂಚು, ಹಗಲು ಮ್ಯಾಟಿನಿ ಆಟ. ಹೆಂಗಸರ ಗೇಟಿನ ಕಬ್ಬಿಣದ ಕಂಬದಲ್ಲಿ ಒಂದು ಬಿಳಿ ಗೆರೆ ಇತ್ತು. ಗೆರೆಗಿಂತ ಕೆಳಗಿರುವ ಮಗು ಮಡಿಲ ಮಗು, ಟಿಕೆಟ್ ಬೇಡ. ಮೇಲಿದ್ದರೆ ಬೇಕು. ಆ ಗೆರೆಯ ಮುಂದೆ ಬಂದಾಗ ಗುಬ್ಬಿಯ ಎಲ್ಲ ಮಕ್ಕಳಿಗೂ ಮಂಡಿ ಬಗ್ಗುತ್ತಿತ್ತು.

ಅಲ್ಲಿ ಮ್ಯಾನೇಜರು ರಂಗಪ್ಪ ಅಂತ. ಒಂದು ಸಿನಿಮಾ ಕೂತು ನೋಡಿದವನಲ್ಲ. ಕೈಗಡಿಯಾರ ನೋಡಿಕೊಂಡು ಓಡಾಡುತ್ತಿದ್ದ. ಮ್ಯಾಟಿನಿ ತಡವಾದರೆ ಸಂಜೆಯ ಮೊದಲ ಆಟ ತಡ, ಮೊದಲ ಆಟ ತಡವಾದರೆ ಮಾಲೀಕರ ಹತ್ತಿರ ಬೈಗುಳ. ಸಿನಿಮಾ ಉದ್ದವಿದ್ದರೆ ಮೇಲೆ ಮಷೀನ್ ರೂಮಿಗೆ ಹೋಗಿ "ಒಂದು ರೀಲು ಎತ್ತಿ" ಎನ್ನುತ್ತಿದ್ದ. ಯಾವ ರೀಲು ಎತ್ತಬೇಕೆಂದು ಆಪರೇಟರ್ ಖಾದರ್ ಸಾಬರು ಸಂಕಟಪಡುತ್ತಿದ್ದರು. ಹಾಡು ಎತ್ತುತ್ತಿದ್ದರು, ತಾಯಿ ಮಗನ ಮಾತುಕತೆ ಎತ್ತುತ್ತಿದ್ದರು. ಹೊಡೆದಾಟದ ರೀಲು ಮಾತ್ರ ಒಂದು ದಿನವೂ ಎತ್ತಲಿಲ್ಲ. ಎತ್ತಿದರೆ ಗಂಡಸರ ಕಡೆಯವರು ಬೆಂಚು ಮುರಿಯುತ್ತಾರೆ. ಹೆಂಗಸರು ಬೆಂಚು ಮುರಿಯುವುದಿಲ್ಲ, ಹಾಗಾಗಿ ನಷ್ಟವೆಲ್ಲ ನಮಗೆ.

ಖಾದರ್ ಸಾಬರಿಂದ ಒಂದು ವಿದ್ಯೆ ಕಲಿತೆ. ಆಟದ ನಡುವೆ ಯಾರನ್ನಾದರೂ ತುರ್ತಾಗಿ ಹೊರಗೆ ಕರೆಯಬೇಕಾದರೆ ಗಾಜಿನ ಚೂರಿಗೆ ದೀಪದ ಮಸಿ ಹಿಡಿಸಿ, ಕಡ್ಡಿಯಿಂದ ಹೆಸರು ಗೀಚಿ, ಮಷೀನಿಗೆ ಇಡುತ್ತಿದ್ದರು. ಪರದೆ ಮೇಲೆ ಆಳುದ್ದದ ಅಕ್ಷರ ಬರುತ್ತಿತ್ತು. ಬೇಸರವಾದಾಗ ನಾನೂ ಕೂತು ಗೀಚುತ್ತಿದ್ದೆ. "ಹನುಮಕ್ಕ, ನಿನ್ನ ಅಕ್ಷರ ಕುಡಿದು ಬಂದಿದಾವೆ" ಎಂದು ಅವರು ನಗುತ್ತಿದ್ದರು.

ಗೇಟಿನ ಹೊರಗೆ ಕಡಲೆಕಾಯಿ ಮಾರುತ್ತಿದ್ದವಳು ಪುಟ್ಟತಾಯಮ್ಮ. ಅವಳ ಮೊಮ್ಮಗಳು ಜಯಂತಿ. ಎದುರಿನ ಟೈಲರ್ ಅಂಗಡಿಯವನ ಮಗಳು ಭಾಗ್ಯ. ಇಬ್ಬರಿಗೂ ಎಂಟೋ ಒಂಬತ್ತೋ. ಇಸ್ಕೂಲು ಬಿಟ್ಟರೆ ನನ್ನ ಗೇಟಿನ ಹತ್ತಿರವೇ ಇಬ್ಬರೂ. ಕಂಬಕ್ಕೆ ಬೆನ್ನು ಕೊಟ್ಟು ಯಾರು ಉದ್ದ ಎಂದು ದಿನಾ ಜಗಳ. ಇಬ್ಬರೂ ಗೆರೆಗಿಂತ ಒಂದು ಬೆರಳು ಮೇಲಿದ್ದರು. ಸಿನಿಮಾಕ್ಕೆ ಹೋಗುವಾಗ ಲಂಗದೊಳಗೆ ಮಂಡಿ ಬಗ್ಗಿಸಿ, ಬಾತುಕೋಳಿ ಹಾಗೆ ನನ್ನ ಮುಂದೆಯೇ ಹಾದುಹೋಗುತ್ತಿದ್ದರು. ನನಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಮುಖ ಆ ಕಡೆಗೆ ತಿರುಗಿಸುತ್ತಿದ್ದೆ.

ಭಾಗ್ಯನಿಗೆ ಜ್ವರ ಬಂತು. ಬಿಡಲಿಲ್ಲ. ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಟಾಕೀಸಿನ ಎದುರಿಗೇ ಬಸ್ಸು ಹತ್ತಿದ್ದು. ಕಿಟಕಿಯಿಂದ ಅವಳು ಕೈ ಬೀಸಿದಳು, ಜಯಂತಿ ಬಸ್ಸಿನ ಹಿಂದೆ ಒಂದಷ್ಟು ದೂರ ಓಡಿದಳು. ವಾರ ಕಳೆಯಿತು. ಆಸ್ಪತ್ರೆಯಲ್ಲೇ ಆ ಹುಡುಗಿ ತೀರಿಕೊಂಡಳು. ತಂದೆ ತಾಯಿ ಗುಬ್ಬಿಗೆ ಮತ್ತೆ ಬರಲೇ ಇಲ್ಲ. ಅಲ್ಲಿಂದಲೇ ತಮ್ಮ ಹುಟ್ಟೂರಿಗೆ ಹೋದರು. ಯಾರೋ ನೆಂಟ ಬಂದು ಹೊಲಿಗೆ ಮಷೀನು ಗಾಡಿಗೆ ಹೇರಿಕೊಂಡು ಅಂಗಡಿ ಖಾಲಿ ಮಾಡಿದ.

ಜಯಂತಿಗೆ ಹೇಳಬಾರದು ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿದರು. ಮಗು ಹೆದರುತ್ತದೆ, ಮಗುವಿಗೆ ಏನು ತಿಳಿಯುತ್ತದೆ, ನಾಲ್ಕು ದಿನ ಆದರೆ ತಾನೇ ಮರೆಯುತ್ತದೆ. ಭಾಗ್ಯ ತುಮಕೂರಿನ ಬಟವಾಡಿಯಲ್ಲಿ ಸೋದರತ್ತೆ ಮನೆಯಲ್ಲಿದ್ದಾಳೆ, ಅಲ್ಲೇ ಇಸ್ಕೂಲಿಗೆ ಹಾಕಿದ್ದಾರೆ ಎಂದು ಪುಟ್ಟತಾಯಮ್ಮ ಹೇಳಿದಳು. ಜಯಂತಿ ನಂಬಲಿಲ್ಲ. ನೇರ ನನ್ನ ಹತ್ತಿರ ಬಂದಳು.

"ಹನುಮಕ್ಕ, ಅಜ್ಜಿ ಹೇಳೋದು ದಿಟವಾ?"

"ದಿಟ ಕಣಮ್ಮಿ. ರಜಕ್ಕೆ ಬತ್ತಾಳೆ."

ಎಷ್ಟು ಸಲೀಸಾಗಿ ಹೇಳಿದೆ ನೋಡಿ. ಹಸಿರು ಸೀರೆಯ ಗಂಡಂದಿರಿಗೆ ಹೇಳಿದ ಹಾಗೆಯೇ. ಅವತ್ತಿನಿಂದ ಆ ಹುಡುಗಿ ಇಸ್ಕೂಲು ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ತುಮಕೂರಿನ ಬಸ್ಸು ಬಂದಾಗಲೆಲ್ಲ ಇಳಿಯುವವರನ್ನು ಎಣಿಸಿದ ಹಾಗೆ ನೋಡುತ್ತಿದ್ದಳು. ನಾಲ್ಕು ದಿನವಾಯಿತು, ತಿಂಗಳಾಯಿತು, ಮರೆಯಲಿಲ್ಲ. ಮಕ್ಕಳು ಮರೆಯುತ್ತಾರೆ ಎಂದು ಹೇಳಿದವರು ಯಾರೋ, ಅವರು ಮಕ್ಕಳಾಗಿ ಹುಟ್ಟಿರಲಿಲ್ಲ ಅಂತ ಕಾಣುತ್ತದೆ.

ಆಗ ಬಂತು ಆ ಸಿನಿಮಾ. ಹೆಸರು ಬೇಡ, ದೊಡ್ಡ ಹೀರೋ ಇರಲಿಲ್ಲ. ಇಬ್ಬರು ಹುಡುಗಿಯರ ಕತೆ. ನಾಲೆಯ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ತಟ್ಟೆಗೆ ಸೌಟಿನಿಂದ ಎರಡು ಏಟು ಹೊಡೆದರೆ ಆಟಕ್ಕೆ ಬಾ ಎಂದು ಅರ್ಥ. ಒಬ್ಬಳಿಗೆ ಕಾಯಿಲೆಯಾಗುತ್ತದೆ, ಎತ್ತಿನಗಾಡಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಗಾಡಿಯಿಂದ ಕೈ ಬೀಸುತ್ತಾಳೆ. ಕೊನೆಯ ರೀಲಿನಲ್ಲಿ ಉಳಿದವಳು ನಾಲೆ ದಂಡೆಯಲ್ಲಿ ಕೂತು ತಟ್ಟೆ ಬಡಿಯುತ್ತಾಳೆ, ಆ ಕಡೆಯಿಂದ ಸದ್ದಿಲ್ಲ. ದಿನಾ ಬಡಿಯುತ್ತಾಳೆ. ಕೊನೆಗೆ ಅವಳ ಅಜ್ಜಿ ಬಂದು ಪಕ್ಕದಲ್ಲಿ ಕೂತು, "ಅವಳು ಸತ್ತುಹೋದಳು ಮಗಾ. ಇನ್ನು ಬರುವುದಿಲ್ಲ. ಅತ್ತುಬಿಡು" ಎನ್ನುತ್ತಾಳೆ. ಹುಡುಗಿ ತಟ್ಟೆ ಕೆಳಗಿಟ್ಟು ಅಳುತ್ತಾಳೆ. ಅಷ್ಟೇ.

ಶುಕ್ರವಾರ ಮ್ಯಾಟಿನಿ ತುಂಬಿತ್ತು. ಮುಗಿದಾಗ ನಾನು ಬಾಗಿಲು ತೆಗೆದು "ಏಳ್ರಮ್ಮ, ಏಳ್ರೀ" ಎಂದೆ. ಒಬ್ಬಳೂ ಏಳಲಿಲ್ಲ. ಇಡೀ ಹೆಂಗಸರ ಕಡೆ ಸೆರಗು ಬಾಯಿಗೆ ಇಟ್ಟುಕೊಂಡು ಕೂತಿತ್ತು. ಹುತ್ರಿದುರ್ಗದ ಕಡೆಯಿಂದ ಗುಬ್ಬಿಗೆ ಸೊಸೆಯಾಗಿ ಬಂದವಳೊಬ್ಬಳು, ಹಿಂದಿನ ವರ್ಷ ಮಗು ಕಳೆದುಕೊಂಡವಳು, ಬೆಂಚನ್ನು ಹಿಡಿದುಕೊಂಡು ಬಿಡಲಿಲ್ಲ. ಖಾಲಿ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ಮೊದಲ ಆಟದವರು ಹೊರಗೆ ಗಲಾಟೆ. ರಂಗಪ್ಪ ಗಡಿಯಾರ ತೋರಿಸಿಕೊಂಡು ಬಂದ.

"ಏನ್ ಮಾಡ್ತಿದ್ಯಮ್ಮ ಒಳಗೆ, ಆರತಿ ಎತ್ತಿದ್ಯಾ?"

ನನಗೆ ಕಾಲು ನೋಯುತ್ತಿತ್ತು. ಕೂಗಿ ಕೂಗಿ ಗಂಟಲು ಹೋಗಿತ್ತು. "ನಾನೇನ್ ಮಾಡ್ಲಿ? ಆ ಕೊನೆ ರೀಲು ಇರೋವರ್ಗೂ ಒಬ್ಳೂ ಏಳಲ್ಲ" ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು. ಅವನು ಅಷ್ಟು ಹೊತ್ತಿಗೆ ಮಷೀನ್ ರೂಮಿನ ಮೆಟ್ಟಿಲು ಹತ್ತುತ್ತಿದ್ದ. ಶನಿವಾರದಿಂದ ಕೊನೆ ರೀಲು ಎತ್ತಿದರು. ಅದರ ಬಾಲದಲ್ಲಿದ್ದ ಶುಭಂ ಎಂಬ ತುಂಡನ್ನು ಕತ್ತರಿಸಿ ಹಿಂದಿನ ರೀಲಿಗೆ ಅಂಟಿಸಿದರು. ಈಗ ಗಾಡಿ ಹೊರಡುತ್ತದೆ, ಹುಡುಗಿ ಕೈ ಬೀಸುತ್ತಾಳೆ, ಶುಭಂ. ಹೆಂಗಸರು ಎದ್ದು ಹೊರಗೆ ಬಂದರು, ಐದು ನಿಮಿಷದಲ್ಲಿ ಖಾಲಿ. ನನಗೆ ಖುಷಿಯಾಯಿತು. ಇದನ್ನೂ ಬರೆಯುತ್ತೇನೆ. ಖುಷಿಯಾಯಿತು.

ಪುಟ್ಟತಾಯಮ್ಮ ಬಂದು ಕೇಳಿದಳು. "ಹುಡುಗಿ ಸಾಯೋದು ತೋರಿಸ್ತಾರಂತಲ್ಲಮ್ಮಿ, ಜಯಂತಿನ ಒಳಕ್ಕೆ ಬುಡಬೇಡ."

"ಆ ರೀಲು ಎತ್ಸಿದೀವಿ ಬುಡು. ಕಳ್ಸು, ಏನಾಗಲ್ಲ" ಎಂದೆ.

ಭಾನುವಾರ ಜಯಂತಿ ನೋಡಿದಳು. ಆ ಹುಡುಗಿಯ ಮುಖ ಅರಳಿದ್ದು ತಿಂಗಳ ಮೇಲೆ ಅವತ್ತೇ. "ಹನುಮಕ್ಕ, ಅವ್ಳೂ ಆಸ್ಪತ್ರೆಗೆ ಹೋದ್ಲು! ಕೈ ಬೀಸಿದ್ಲು! ಆಮೇಲೆ ಶುಭಂ ಬಂತು. ಶುಭಂ ಅಂದ್ರೆ ಒಳ್ಳೇದಾಯ್ತು ಅಂತ, ಮೇಷ್ಟ್ರು ಹೇಳವ್ರೆ." ಸೋಮವಾರ ಇಸ್ಕೂಲಿಗೆ ಚಕ್ಕರ್ ಹೊಡೆದು ಮತ್ತೆ ನೋಡಿದಳು, ಮಂಗಳವಾರವೂ. ಗೇಟಿನ ಕಂಬಕ್ಕೆ ಕಲ್ಲಿನಿಂದ ಎರಡು ಏಟು ಹೊಡೆದು ರಸ್ತೆ ನೋಡುತ್ತಿದ್ದಳು. ಪ್ರತಿ ಬಸ್ಸಿಗೂ ಎರಡು ಏಟು. ಆ ಸದ್ದು ನನ್ನ ತಲೆಗೆ ಬೀಳುತ್ತಿತ್ತು. ಸುಮ್ಮನಿರೇ ಎಂದು ಗದರಿದೆ, ಅಷ್ಟೇ ನನ್ನಿಂದ ಆದದ್ದು.

ಬುಧವಾರ ಮಧ್ಯಾಹ್ನ ಹುಡುಗಿ ಇಲ್ಲ. ಇಸ್ಕೂಲಿನಲ್ಲಿ ಇಲ್ಲ, ಟಾಕೀಸಿನಲ್ಲಿ ಇಲ್ಲ. ಬೀಡಾ ಅಂಗಡಿಯವನು, "ಬೆಂಗ್ಳೂರು ಬಸ್ ಹತ್ತಿದ್ಲಪ್ಪ, ಯಾರದ್ದೋ ಸಂಸಾರದ ಹಿಂದೆ. ನಿಮ್ಮೋರೇ ಅಂದ್ಕಂಡೆ" ಎಂದ. ಆ ಬಸ್ಸು ಬಟವಾಡಿ ಮೇಲೆಯೇ ಹೋಗುವುದು. ಪುಟ್ಟತಾಯಮ್ಮ ಕಡಲೆಕಾಯಿ ಪುಟ್ಟಿಯ ಮುಂದೆಯೇ ಕುಸಿದಳು. "ಬಟವಾಡಿ ಅಂತ ನಾನೇ ಹೇಳಿದ್ನಲ್ಲಮ್ಮಿ!"

ಒಳಗೆ ಆಟ ನಡೆಯುತ್ತಿತ್ತು. ನಾನು ಗೇಟಿಗೆ ಬೀಗ ಕೂಡ ಹಾಕದೆ ಬಸ್ಸು ಹತ್ತಿದೆ. ಬಟವಾಡಿಯಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಹೈವೇ ಮೇಲೆ ಲಾರಿಗಳು ಮೈಮೇಲೆ ಬಂದ ಹಾಗೆ ಹೋಗುತ್ತಿದ್ದವು. ಅಂಗಡಿ ಅಂಗಡಿ ಕೇಳಿದೆ. ಎಲ್ಲರೂ ನೋಡಿದ್ದರು. "ಭಾಗ್ಯನ ಮನೆ ಎಲ್ಲಿ ಅಂತ ಕೇಳ್ಕೊಂಡು ಹೋಯ್ತಮ್ಮ ಒಂದು ಮಗು. ಯಾವ ಭಾಗ್ಯ ಅಂದ್ರೆ, ಗುಬ್ಬಿ ಭಾಗ್ಯ ಅಂತು." ಒಬ್ಬ ಅದನ್ನು ತಮಾಷೆಯಾಗಿ ಹೇಳಿ ನಕ್ಕ. ಅವನ ಕೆನ್ನೆಗೆ ಬಿಡಬೇಕೆನಿಸಿತು. ಹೊಡೆಸಿಕೊಳ್ಳಬೇಕಾದವಳು ನಾನು.

ರಸ್ತೆಯ ಆ ಬದಿಯಲ್ಲಿ ಸಿಕ್ಕಿದಳು. ಬಾಡಿಗೆ ಮನೆಗಳ ಒಂದು ಸಾಲಿನ ಮುಂದೆ ನಿಂತು, ಕಬ್ಬಿಣದ ಗೇಟಿಗೆ ಕಲ್ಲಿನಿಂದ ಎರಡು ಏಟು ಹೊಡೆದು, ಕಾದು, ಮುಂದಿನ ಮನೆಗೆ ಹೋಗುತ್ತಿದ್ದಳು. ಲಂಗದ ತುಂಬ ಧೂಳು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹೈವೇ ದಾಟುವಾಗ ಬಿದ್ದುಹೋಯಿತಂತೆ.

"ಇನ್ನು ಆ ಸಾಲು ಉಳಿದೈತೆ ಹನುಮಕ್ಕ" ಎಂದಳು.

ವಾಪಸ್ಸು ಬಸ್ಸಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹೇಳಲು ಅಷ್ಟು ದೂರ ದಾರಿ ಇತ್ತು. ಎರಡು ಸಲ ಬಾಯಿ ತೆರೆದೆ. ಊರಿಗೆಲ್ಲ ಬೈಯುವ ಬಾಯಿ ಇದು. ಒಂದು ಮಾತು ಬರಲಿಲ್ಲ. ಪುಟ್ಟತಾಯಮ್ಮನ ಕೈಗೆ ಒಪ್ಪಿಸಿ, "ಇವತ್ತೇ ಹೇಳ್ಬುಡು" ಎಂದೆ. "ನನ್ ಕೈಲಾಗಲ್ಲ ಕಣಮ್ಮಿ, ನೀನೇ ಹೇಳು" ಎಂದು ಅತ್ತಳು. ಇಬ್ಬರು ಮುದಿ ಹೆಂಗಸರು, ನೀನು ಹೇಳು ನೀನು ಹೇಳು ಎಂದು ರಸ್ತೆಯಲ್ಲಿ ನಿಂತಿದ್ದೆವು. ನಾನು ಆಗ ಮುದುಕಿಯಲ್ಲ, ಆದರೂ ಹಾಗೆ ಅನ್ನಿಸಿತು.

ಆಗ ನೆನಪಾದದ್ದು ಆ ಸಿನಿಮಾದ ಅಜ್ಜಿ. ನಮ್ಮಿಬ್ಬರಿಗೂ ಆಗದ ಮಾತನ್ನು ಅವಳು ಕೂತು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಆ ಅಜ್ಜಿಯನ್ನೇ ನಾವು ಎತ್ತಿ ಡಬ್ಬಕ್ಕೆ ಹಾಕಿದ್ದೆವು. ಮಾರನೇ ದಿನ ಗುರುವಾರ, ಕೊನೆಯ ದಿನ. ಶುಕ್ರವಾರ ಬೆಳಿಗ್ಗೆ ಡಬ್ಬಗಳು ಬೇರೆ ಊರಿಗೆ ಹೋಗುತ್ತವೆ.

ರಂಗಪ್ಪನ ಹತ್ತಿರ ಹೋದೆ. ಗೇಟು ಬಿಟ್ಟು ಹೋದದ್ದಕ್ಕೆ ಕುದಿಯುತ್ತಿದ್ದ. ಕೊನೆ ರೀಲು ಹಾಕಿಸಿ ಎಂದೆ.

"ನೀನೇ ಅಲ್ವಾ ಎತ್ಸಿ ಅಂದಿದ್ದು?"

"ನಾನೇ ಅಂದೆ. ನಂಗೆ ಬುದ್ಧಿ ಇರ್ಲಿಲ್ಲ. ನಿಮಗಾದ್ರೂ ಇರ್ಬೇಕಿತ್ತು."

"ಹೆಂಗಸ್ರು, ಮಕ್ಳು ಬರೋ ಪಿಕ್ಚರ್ ಕಣಮ್ಮ. ಸಾವು ಗೀವು ಅವ್ರು ತಡ್ಕೊಳಲ್ಲ."

ನನಗೆ ಮೈ ಉರಿಯಿತು. "ಹೋದ ವಾರದ ಪಿಕ್ಚರ್ನಾಗೆ ಎಷ್ಟ್ ಜನ ಸತ್ರು ರಂಗಪ್ಪ? ಮಚ್ಚಲ್ಲಿ ಕಡ್ದು ಕಡ್ದು ಹಾಕ್ತಿದ್ರಲ್ಲ, ಅವಾಗ ಮಕ್ಳು ಇರ್ಲಿಲ್ವಾ? ಅಲ್ಲಿ ಒಬ್ರೂ ಅಳ್ಲಿಲ್ಲ, ಅದ್ಕೆ ನಿಮಗೆ ಅದು ಸಾವು ಅನ್ನಿಸ್ಲಿಲ್ಲ. ಹೆಂಗಸ್ರು ತಡ್ಕೊಳಲ್ವಾ? ಹೆರೋರು ಯಾರು, ಹೆಣ ತೊಳ್ಯೋರು ಯಾರು? ತಡ್ಕೊಳಕ್ಕಾಗ್ದೇ ಇರೋದು ನಿಮ್ ಗಡಿಯಾರ!"

"ಜಾಸ್ತಿ ಮಾತಾಡಿದ್ರೆ ನಾಳೆಯಿಂದ ಬರ್ಬೇಡ."

"ನಾಳೆ ಒಂದಿನ ಬತ್ತೀನಿ" ಎಂದೆ.

ಗುರುವಾರ ಮ್ಯಾಟಿನಿಗೆ ನಾನು ಸ್ಟೂಲಿನ ಮೇಲೆ ಕೂತು ಪ್ರತಿಯೊಬ್ಬಳಿಗೂ ಟಿಕೆಟ್ ಹರಿಯುತ್ತ ಹೇಳಿದೆ: ಕೊನೆ ರೀಲು ಎತ್ತಿದ್ದಾರೆ, ಶುಭಂ ಅಂತ ಬಂದರೆ ನಂಬಬೇಡಿ, ಏಳಬೇಡಿ. ಶುಕ್ರವಾರ ಪೂರ್ತಿ ನೋಡಿ ಎರಡನೇ ಸಲ ಬಂದವರೂ ಇದ್ದರು. ಅವರು ಕೆರಳಿದರು.

"ಅಳೋಕಂತ್ಲೇ ಬಂದಿದೀನಿ ಕಣಮ್ಮಿ! ಮನೇಲಿ ಅಳೋಕೆ ಪುರುಸೊತ್ತೆಲ್ಲೈತೆ?"

"ಮನೇಲಿ ಅತ್ರೆ ಯಾಕೆ ಅಂತ ಕೇಳ್ತಾರೆ. ಇಲ್ಲಾದ್ರೆ ಯಾವನೂ ಕೇಳಲ್ಲ."

"ನನ್ ಟಿಕೆಟ್ಟೇನು ಮುಕ್ಕಾಲಾ? ಮುಕ್ಕಾಲು ಪಿಕ್ಚರ್ ತೋರ್ಸೋಕೆ?"

ನಾನು ಹೇಳಿದ್ದ ಹಾಗೆ ಪುಟ್ಟತಾಯಮ್ಮ ಜಯಂತಿಯ ಕೈ ಹಿಡಿದು ತಂದಳು. ಮಂಡಿ ಬಗ್ಗಿಸಿ ಒಳಗೆ ಹೋದಳು ಹುಡುಗಿ. ಅವತ್ತು ನಾನು ಗೇಟಿನಲ್ಲಿ ಕೂರಲಿಲ್ಲ, ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. ಇಷ್ಟು ವರ್ಷದ ಕೆಲಸದಲ್ಲಿ ಮೊದಲಿನಿಂದ ಕೊನೆಯವರೆಗೆ ನಾನು ನೋಡಿದ ಸಿನಿಮಾ ಅದೊಂದೇ.

ಗಾಡಿ ಹೊರಟಿತು. ಹುಡುಗಿ ಕೈ ಬೀಸಿದಳು. ಶುಭಂ. ದೀಪ ಹತ್ತಿದವು. ಗಂಡಸರು ಎದ್ದರು. ಹೆಂಗಸರ ಕಡೆ ಒಬ್ಬಳೂ ಅಲುಗಲಿಲ್ಲ. ರಂಗಪ್ಪ ಬಾಗಿಲಲ್ಲಿ ನಿಂತು, "ಏಳ್ರೀ, ಮುಗೀತು" ಎಂದ. ಇಲ್ಲಿಯೂ ಹೆಂಗಸರ ಕಡೆಗೆ ಗಂಡಸು ಬರುವಂತಿಲ್ಲ. "ಹನುಮಕ್ಕಾ, ಎಬ್ಸಮ್ಮ!" ಎಂದ. ನಾನು ಕೂತೇ ಇದ್ದೆ.

"ಮುಗಿದಿಲ್ಲ ಕಣಯ್ಯಾ" ಎಂದು ಯಾರೋ ಕೂಗಿದರು. "ಆ ಹುಡ್ಗಿ ಏನಾದ್ಲು ಹೇಳು, ಎದ್ದೋಯ್ತೀವಿ."

ರಂಗಪ್ಪ ಗಡಿಯಾರ ನೋಡಿದ. ಮತ್ತೆ ನೋಡಿದ. ರೀಲು ಎತ್ತಿದ್ದೇ ನಾವು ಬೇಗ ಏಳಲಿ ಎಂದು. ಈಗ ಹಾಕದಿದ್ದರೆ ನಾವು ಏಳುವುದೇ ಇಲ್ಲ. ಕೊನೆಗೆ ಅವನು ಮೇಲಕ್ಕೆ ತಲೆ ಎತ್ತಿ ಮಷೀನ್ ರೂಮಿನ ಕಿಂಡಿಯ ಕಡೆಗೆ ಕೈ ಆಡಿಸಿದ. ಸೋತ ಕೈ ಅದು. ಖಾದರ್ ಸಾಬರು ಆ ರೀಲನ್ನು ಬೆಳಿಗ್ಗೆಯೇ ಸುತ್ತಿ ಇಟ್ಟುಕೊಂಡಿದ್ದರು. ದೀಪ ಆರಿತು. ಮೊದಲು ಪರದೆ ಮೇಲೆ ಒಂದು ಸ್ಲೈಡು ಬಂತು. ಆಳುದ್ದದ ಅಕ್ಷರ, ಒಂದು ಆ ಕಡೆ ವಾಲಿದೆ, ಒಂದು ಈ ಕಡೆ: ಇನ್ನೂ ಮುಗಿದಿಲ್ಲ. ಬೆಳಿಗ್ಗೆ ನಾನೇ ಗೀಚಿ ಕೊಟ್ಟದ್ದು. ಎದ್ದು ಹೊರಟ ಗಂಡಸರು ಕೂಡ ಹಾಗೇ ನಿಂತರು.

ನಾಲೆಯ ದಂಡೆ. ತಟ್ಟೆ. ಎರಡು ಏಟು. ಆ ಕಡೆಯಿಂದ ಸದ್ದಿಲ್ಲ. ಜಯಂತಿ ಬೆಂಚಿನ ಅಂಚಿಗೆ ಬಂದಳು. ಅಜ್ಜಿ ಬಂದು ಕೂತಳು, ಹೇಳಬೇಕಾದ್ದನ್ನು ಹೇಳಿದಳು. ಸುತ್ತ ಹೆಂಗಸರೆಲ್ಲ ಅಳುತ್ತಿದ್ದರು. ಜಯಂತಿ ಅಳಲಿಲ್ಲ. ಪರದೆ ನೋಡಿದಳು, ತನ್ನ ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು.

"ಭಾಗ್ಯನೂ?"

"ಹೂಂ" ಎಂದೆ. "ಭಾಗ್ಯನೂ ಸತ್ತೋದ್ಲು ಕಣಮ್ಮಿ. ಆಸ್ಪತ್ರೇಲೇ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಪುಟ್ಟತಾಯಮ್ಮ ಅವಳನ್ನು ಎಳೆದು ತಬ್ಬಿಕೊಂಡಳು. ಆಗ ಅತ್ತಳು. ಅರ್ಧ ಗಂಟೆಯಲ್ಲ, ಮುಕ್ಕಾಲು ಗಂಟೆ ಖಾಲಿಯಾಗಲಿಲ್ಲ ಆ ಹೆಂಗಸರ ಕಡೆ. ನಾನು ಯಾರನ್ನೂ ಏಳು ಎನ್ನಲಿಲ್ಲ.

ರಂಗಪ್ಪ ಕೆಲಸ ಬಿಡಿಸಲಿಲ್ಲ, ಆದರೆ ಸುಮ್ಮನೆ ಬಿಡಲೂ ಇಲ್ಲ. ನನ್ನನ್ನು ಗೇಟಿನಿಂದ ತೆಗೆದು ಗಂಡಸರ ಕಡೆ ಬೀಡಿ ತುಂಡು ಗುಡಿಸಲು ಹಾಕಿದ. ಹೆಂಗಸರ ಗೇಟಿಗೆ ತನ್ನ ಭಾವಮೈದನನ್ನು ನಿಲ್ಲಿಸಿದ. ಎರಡು ತಿಂಗಳಲ್ಲಿ ಹೆಂಗಸರು ಆ ಭಾವಮೈದನನ್ನು ಬೈದು ಬೈದು ಹಣ್ಣು ಮಾಡಿದರು, ಅವನು ರಜಾ ಹಾಕಿ ಊರಿಗೆ ಹೋದವನು ಬರಲೇ ಇಲ್ಲ. ಮತ್ತೆ ನನ್ನನ್ನೇ ಗೇಟಿಗೆ ಕರೆದರು. ಆಮೇಲೆ ಎಂಬತ್ತರ ದಶಕದ ಕೊನೆಗೆ ತುಮಕೂರಿನ ಟಾಕೀಸಿಗೆ ಹೋದೆ, ಅಲ್ಲಿ ತಟ್ಟಿಯೂ ಇಲ್ಲ, ಹೆಂಗಸರ ಗೇಟೂ ಇಲ್ಲ, ಮನೆ ಮನೆಗೆ ಟಿ.ವಿ. ಬಂದು ಅರ್ಧ ಬೆಂಚು ಖಾಲಿ. ಅದರಲ್ಲಿ ಹೇಳುವಂಥದು ಏನೂ ಇಲ್ಲ.

ರಕ್ಷಿತಾ, ನಿಮ್ಮಲ್ಲಿ ರೀಲಿಲ್ಲ, ಎತ್ತುವವರೂ ಇಲ್ಲ ಅಂತೀಯಾ. ಆದರೆ ಹೆಸರುಗಳು ಬರಲು ಶುರುವಾದ ತಕ್ಷಣ ದೀಪ ಹಾಕಿ ಪೊರಕೆ ಹಿಡಿದು ಬರುತ್ತಾರಂತಲ್ಲ, ನೀನೇ ಹೇಳಿದೆ. ಯಾವುದಾದರೂ ಸಾಲಿನಲ್ಲಿ ಯಾರಾದರೂ ಏಳದೆ ಕೂತಿದ್ದರೆ ಆ ಸಾಲು ಕೊನೆಗೆ ಗುಡಿಸು. ನಿನ್ನ ಮ್ಯಾನೇಜರು ಬೈದರೆ ಬೈಯಲಿ. ನಾನು ಬೈಸಿಕೊಂಡು ಏನೂ ಸವೆದಿಲ್ಲ.

ಜಯಂತಿ ನನ್ನ ಜೊತೆ ಮಾತು ಬಿಟ್ಟಳು. ಅಜ್ಜಿಯನ್ನು ವಾರದಲ್ಲಿ ಕ್ಷಮಿಸಿದಳು, ನನ್ನನ್ನು ಕ್ಷಮಿಸಲಿಲ್ಲ. ಸರಿಯಾಗೇ ಮಾಡಿದಳು. ಅಜ್ಜಿಯನ್ನು ನಂಬದೆ ಅವಳು ಕೇಳಲು ಬಂದಿದ್ದು ನನ್ನನ್ನು. ಬಸ್ಸು ನೋಡುವುದನ್ನು ನಿಲ್ಲಿಸಿದಳು, ಕಂಬಕ್ಕೆ ಕಲ್ಲು ಹೊಡೆಯುವುದನ್ನೂ.

ನಾನು ಗೇಟಿಗೆ ಮರಳಿದ ವಾರವೇ ಒಂದು ಮ್ಯಾ‌ಟಿನಿಗೆ ಬಂದಳು. ಸಾಲಿನಲ್ಲಿ ಅವಳ ಮುಂದೆ ಇದ್ದ ಮಕ್ಕಳೆಲ್ಲ ಮಂಡಿ ಬಗ್ಗಿಸಿ ಹಾದುಹೋದರು. ನಾನು ಅಭ್ಯಾಸದಂತೆ ಮುಖ ಆ ಕಡೆಗೆ ತಿರುಗಿಸಿದೆ. ಅವಳು ಹೋಗಲಿಲ್ಲ. ತಿರುಗಿ ನೋಡಿದರೆ ಕಂಬಕ್ಕೆ ಬೆನ್ನು ಒತ್ತಿ ನೆಟ್ಟಗೆ ನಿಂತಿದ್ದಾಳೆ. ಗೆರೆಗಿಂತ ಈಗ ಎರಡು ಬೆರಳು ಮೇಲೆ. ಕೈಯಲ್ಲಿ ತಾನೇ ಕೊಂಡ ಟಿಕೆಟ್ಟು. ಮಾತಾಡದೆ ನನ್ನ ಮುಂದೆ ಹಿಡಿದಳು.

ಹರಿದು ಅರ್ಧ ಕೊಟ್ಟೆ. ತೆಗೆದುಕೊಂಡು ಒಳಗೆ ಹೋದಳು.